ಮರಿ ಹಾರುವ ತನಕ ಕುಯ್ಯದ ತುಂಗೆ

ಬೆಳಗಿನ ಐದೂಕಾಲು. ರಾಯಚರ್ಲು ಅಂಚಿನ ಕಾಲೊನಿಯಲ್ಲಿ ಇನ್ನೂ ಯಾರ ಮನೆಯ ಒಲೆಯೂ ಹೊತ್ತಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದ ಷಟರ್ ಮೇಲೇಳುವ ಸದ್ದು ಮಾತ್ರ ಕೇಳುತ್ತದೆ. ಚಿಕ್ಕಹನುಮಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಗುಂಡಿ ಒತ್ತುತ್ತಾರೆ. ಯಂತ್ರ ಎರಡು ಸಲ ಕೆಮ್ಮುತ್ತದೆ, ಆಮೇಲೆ ಒಂದೇ ಸಮನೆ ಗುಂಯ್‌ಗುಡುತ್ತದೆ. ನಲ್ಲಿಯಲ್ಲಿ ಕುಡಿಯುವ ನೀರು ಬರಲು ಇನ್ನೂ ಹತ್ತು ನಿಮಿಷವಿದೆ. ಅಷ್ಟರಲ್ಲಿ ಅವರು ಕಟ್ಟಡವನ್ನು ಬಳಸಿಕೊಂಡು ಹಿಂದಕ್ಕೆ ಹೋಗುತ್ತಾರೆ.

ಅಲ್ಲಿ ಗೋಡೆಯಿಂದ ಹೊರಚಾಚಿದ ಕಪ್ಪು ಪೈಪಿನಿಂದ, ಯಂತ್ರ ಬೇಡವೆಂದು ಹೊರದಬ್ಬಿದ ನೀರು ಸುರಿಯತೊಡಗಿದೆ. ಒಂದಡಿ ಅಗಲದ ಕಾಲುವೆಯಲ್ಲಿ ಹರಿದು ಮೊಣಕಾಲಾಳದ ಗುಂಡಿಯೊಂದನ್ನು ಸೇರುತ್ತದೆ. ಗುಂಡಿಯ ಸುತ್ತ ಮೊಣಕಾಲೆತ್ತರದಿಂದ ಎದೆಯೆತ್ತರದವರೆಗೆ ಹಸಿರು. ಹತ್ತಿರ ಹೋಗುತ್ತಿದ್ದಂತೆ ಪುಳಕ್ ಪುಳಕ್ ಎಂದು ನಾಲ್ಕೈದು ಕಪ್ಪೆಗಳು ನೀರಿಗೆ ಬೀಳುತ್ತವೆ. ಚೆಂದದ ಹುಲ್ಲು ಬೆಳೆಸಿದ್ದೀರಿ ಎಂದೆ. ಅವರು ತಲೆಯಾಡಿಸಿ, ಒಂದು ಕಡ್ಡಿ ಮುರಿದು ನನ್ನ ಕೈಗಿಡುತ್ತಾರೆ.

“ಬೆರಳಲ್ಲಿ ತಿರುವಿ ನೋಡಮ್ಮ. ಮೂರು ಮೂಲೆ ಸಿಕ್ತದಾ? ಹುಲ್ಲಾದ್ರೆ ಗುಂಡಗಿರ್ತದೆ, ನಡುನಡುವೆ ಗೆಣ್ಣಿರ್ತದೆ. ಇದಕ್ಕೆ ಗೆಣ್ಣೇ ಇಲ್ಲ, ಬುಡದಿಂದ ತುದಿಗಂಟ ಒಂದೇ. ಇದು ತುಂಗೆ ಕಣಮ್ಮ. ಹುಲ್ಲು ಅನ್ಬ್ಯಾಡ.”

ಐವತ್ಮೂರರ ಚಿಕ್ಕಹನುಮಕ್ಕ ಎಂಟು ವರ್ಷಗಳಿಂದ ಈ ಘಟಕ ನೋಡಿಕೊಳ್ಳುತ್ತಿದ್ದಾರೆ. ಪಾವಗಡ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು. ಹಲ್ಲು ಕಂದುಗಟ್ಟಿದವರು, ಮಂಡಿ ಬಾಗಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಹಾಗಾಗಿ ಈ ಪುಟ್ಟ ಕಟ್ಟಡದ ಮುಂದೆ ಬೆಳಗ್ಗೆ ಐದೂವರೆಯಿಂದ ಒಂಬತ್ತರವರೆಗೆ, ಸಂಜೆ ನಾಲ್ಕರಿಂದ ಏಳರವರೆಗೆ ಕ್ಯಾನುಗಳ ಸಾಲು ಕರಗುವುದಿಲ್ಲ. “ನೀಳ್ಳಕ್ಕಾ, ನೀಳ್ಳು ವಚ್ಚಾಯಾ?” ಎಂದು ತೆಲುಗಿನಲ್ಲಿ ಕೂಗುತ್ತ ಬರುವವರೇ ಹೆಚ್ಚು. ನೀರು ಕೊಡುವ ಅಕ್ಕನಾದ್ದರಿಂದ ನೀಳ್ಳಕ್ಕ. ಚಿಕ್ಕಹನುಮಕ್ಕ ಎಂಬ ಪೂರ್ತಿ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದುಕೊಂಡಿದೆ.

ದಿನಕ್ಕೆ ಹೆಚ್ಚುಕಡಿಮೆ ನೂರ ನಲವತ್ತು ಕ್ಯಾನು. ಪ್ರತಿಯೊಂದಕ್ಕೂ ಇಪ್ಪತ್ತು ಲೀಟರು. “ಒಂದು ಕ್ಯಾನು ಒಳ್ಳೆ ನೀರು ಕೊಡ್ಬೇಕಾದ್ರೆ ಈ ಮಿಷನ್ನು ಒಂದೂವರೆ ಕ್ಯಾನು ಆಚೆಗೆ ಉಗೀತದೆ. ಮೊದಮೊದಲು ನನಗೆ ಹೊಟ್ಟೆ ಉರಿಯೋದು. ನೀರಿಗೆ ಹುಟ್ಟಾಕಿದ್ದು ಈ ಮನೆ, ಇಲ್ಲೇ ನೀರು ಪೋಲಾಗ್ತಾ ಐತಲ್ಲ ಅಂತ,” ಎನ್ನುತ್ತಾರೆ. ಮೊದಲ ವರ್ಷ ಆ ನೀರು ರಸ್ತೆಗೇ ಹರಿಯುತ್ತಿತ್ತು. ಕೆಸರಿನಲ್ಲಿ ಜಾರಿ ಇಬ್ಬರು ಹೆಂಗಸರು ಬಿದ್ದ ಮೇಲೆ, ಗಂಡ ಭೀಮರಾಜು ಅವರನ್ನು ಹೊರಡಿಸಿ, ಎರಡು ಭಾನುವಾರ ಗುದ್ದಲಿ ಹಿಡಿದು, ಕಟ್ಟಡದ ಹಿಂದಿದ್ದ ಖಾಲಿ ಜಾಗಕ್ಕೆ ಕಾಲುವೆ ತೋಡಿದರು.

ನೀರು ಬಂದ ಮೇಲೆ ಏನಾದರೂ ನೆಡಬೇಕಲ್ಲ. ದಾಸವಾಳ ನೆಟ್ಟರು, ಕನಕಾಂಬರ ನೆಟ್ಟರು, ಎರಡು ನುಗ್ಗೆ ಕಡ್ಡಿ ಊರಿದರು. ಯಂತ್ರ ತಳ್ಳಿದ ನೀರು ಸಪ್ಪೆಯಲ್ಲ, ಉಪ್ಪು. ತಿಂಗಳೊಳಗೆ ಎಲೆಯಂಚು ಸುಟ್ಟಂತಾಗಿ ಎಲ್ಲವೂ ಒಣಗಿದವು. ಆ ಬೋಳು ಕೆಸರಿನಲ್ಲಿ ಯಾರೂ ನೆಡದೆ ತಾನಾಗಿ ಎದ್ದದ್ದು ಕೊನ್ನಾರಿ. ರೈತರು ಕಂಡಲ್ಲೆಲ್ಲ ಕಿತ್ತು ಬಿಸಾಕುವ, ನೆಲದೊಳಗೆ ಗಡ್ಡೆ ಬಿಡುವ ಪುಟ್ಟ ತುಂಗೆ.

“ಕೀಳಾಕೆ ಅಂತ ಕುಕ್ಕರಗಾಲಲ್ಲಿ ಕೂತೆ. ಬುಡ ಹಿಡ್ಕಂಡೆ. ಬೆರಳಿಗೆ ಮೂರು ಮೂಲೆ ಸಿಕ್ತು. ಅಲ್ಲೇ ಕೂತ್ಬುಟ್ಟೆ. ಇಪ್ಪತ್ತೆಂಟು ವರ್ಷ ಆಗಿತ್ತು ಈ ಊರಿಗೆ ಬಂದು, ಒಂದಿನಾನೂ ತುಂಗೆ ಮುಟ್ಟಿರಲಿಲ್ಲ ನಾನು. ತೌರುಮನೆ ಬೀದಿಗೆ ಹೋಗಿ ನಿಂತಂಗಾಯ್ತು.”

ಅವರ ತವರು ಶಿರಾ ತಾಲ್ಲೂಕಿನ ಮದಲೂರು. ದೊಡ್ಡ ಕೆರೆಯ ಊರು. ತಾಯಿ ಕದುರಮ್ಮ ಕೆರೆಯಂಚಿನ ತುಂಗೆ ಕುಯ್ದು ಚಾಪೆ ಹೆಣೆಯುತ್ತಿದ್ದವರು. ಚಿಕ್ಕಂದಿನಲ್ಲಿ ಮಗಳ ಕೆಲಸ ಕುಯ್ದ ಕಡ್ಡಿಯನ್ನು ಉಗುರಿನಿಂದ ಸೀಳಿ ಬಿಸಿಲಿಗೆ ಹರಡುವುದು. ಆಮೇಲೆ ಕೆರೆಗೆ ನೀರು ಬಾರದ ವರ್ಷಗಳು ಬಂದವು. ದಡದ ಜಾಲಿ ಕೆರೆಯೊಳಕ್ಕೆ ಇಳಿಯಿತು. ತುಂಗೆ ಬೇರುಸಮೇತ ಹೋಯಿತು. ಪೇಟೆಯಿಂದ ಪ್ಲಾಸ್ಟಿಕ್ ಚಾಪೆ ಬಂತು. ಕದುರಮ್ಮ ಹೆಣಿಗೆ ಬಿಟ್ಟು ಕಳೆ ಕೀಳುವ ಕೂಲಿಗೆ ಹೋದರು. ಮಗಳು ಮದುವೆಯಾಗಿ ರಾಯಚರ್ಲಿಗೆ ಬಂದರು.

ಅಂದು ಕೊನ್ನಾರಿ ಕೀಳದೆ ಎದ್ದು ಬಂದ ಚಿಕ್ಕಹನುಮಕ್ಕ, ಮುಂದಿನ ಎರಡು ವರ್ಷ ಎಲ್ಲಿಗೆ ಹೋದರೂ ಚರಂಡಿ, ತೂಬು, ಗದ್ದೆ ಬದುಗಳನ್ನು ನೋಡುತ್ತಲೇ ನಡೆದರು. ಮಧುಗಿರಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದವರು ಗದ್ದೆ ಬದುವಿನಿಂದ ತುದಿಯಲ್ಲಿ ಛತ್ರಿಯಂತೆ ಎಲೆ ಬಿಡುವ ಒಂದು ಬಗೆ ತಂದರು. ಸೋಲಾರ್ ಪ್ಯಾನಲ್ ತೊಳೆದ ನೀರು ನಿಲ್ಲುವಲ್ಲಿ ಹುಟ್ಟಿದ್ದ ಗಿಡ್ಡ ಬಗೆಯೊಂದನ್ನು ಭೀಮರಾಜು ಊಟದ ಡಬ್ಬಿಯಲ್ಲಿ ತಂದರು. ಅವರು ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ಲುಗಳ ಕೆಳಗಿನ ಹುಲ್ಲು ಕುಯ್ಯುವ ತಂಡದಲ್ಲಿದ್ದಾರೆ.

“ಹಗಲೆಲ್ಲ ಹುಲ್ಲು ಕುಯ್ಯೋದೇ ನನ್ನ ಡ್ಯೂಟಿ. ಸಂಜೆ ಮನೆಗೆ ಬಂದ್ರೆ ಇವಳು ಹುಲ್ಲು ನೆಡು ಅಂತಾಳೆ,” ಎಂದು ಭೀಮರಾಜು ನಗುತ್ತಾರೆ.

“ಹುಲ್ಲಲ್ಲ,” ಎಂದು ಒಳಗಿನಿಂದ ದನಿ ಬರುತ್ತದೆ.

ಈಗ ಅರವತ್ತಡಿ ಉದ್ದ, ಇಪ್ಪತ್ತಡಿ ಅಗಲದ ಆ ಜಾಗದಲ್ಲಿ ಏಳು ಬಗೆಯ ತುಂಗೆಗಳಿವೆ. ತೋಟ ಎಂದರೆ ನಮ್ಮ ಕಣ್ಣಿಗೆ ಬರುವ ಅಚ್ಚುಕಟ್ಟು ಇಲ್ಲಿಲ್ಲ. ಒಣಗಿದ ಬುಡವನ್ನು ಅವರು ಗುಡಿಸಿ ಸುಡುವುದಿಲ್ಲ. ಬೇಸಿಗೆಯಲ್ಲಿ ಓತಿಕ್ಯಾತ, ಜೇಡ, ಹುಳು ಎಲ್ಲ ಅದರೊಳಗೇ ತಂಪಿಗೆ ಸೇರುತ್ತವೆ ಎನ್ನುತ್ತಾರೆ. ಔಷಧಿ ಹೊಡೆಯುವುದಿಲ್ಲ. ಗುಂಡಿಯ ಒಂದು ದಡವನ್ನು ಬೋಳಾಗಿ ಬಿಟ್ಟಿದ್ದಾರೆ. ಅಲ್ಲಿ ಕಣಜಗಳು ಗೂಡಿಗೆ ಹಸಿ ಮಣ್ಣು ಒಯ್ಯುತ್ತವೆ. ಊರಿನ ಶಾಲೆಯಲ್ಲಿ ವಿಜ್ಞಾನ ಹೇಳುವ ಮಂಜುಶ್ರೀ ಮೇಡಂ ಮಕ್ಕಳನ್ನು ಕರೆತಂದು ಪಟ್ಟಿ ಮಾಡಿಸಿದ್ದಾರೆ: ಮೂವತ್ತೊಂದು ಬಗೆಯ ಹಕ್ಕಿ, ನಾಲ್ಕು ಬಗೆಯ ಕಪ್ಪೆ, ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೊಡತಿ ಕೀಟಗಳು ಒಂಬತ್ತು ಬಗೆ. ಸುತ್ತ ಹತ್ತಾರು ಕಿಲೋಮೀಟರು ಸೋಲಾರ್ ಗಾಜು ಹೊಳೆಯುವ ಬಯಲಿನಲ್ಲಿ, ಬೇಸಿಗೆಯ ಏಪ್ರಿಲ್ಲಿನಲ್ಲಿ ಒದ್ದೆ ಮಣ್ಣು ಸಿಗುವ ಜಾಗ ಇದೊಂದೇ.

ಇದೆಲ್ಲ ಸುಲಭವಾಗಿ ಉಳಿಯಲಿಲ್ಲ. ನಾಲ್ಕು ವರ್ಷದ ಹಿಂದೆ ತೋಟದಿಂದ ಒಂದು ನೀರೊಳ್ಳೆ ಹಾವು ತೆವಳಿ ಪಕ್ಕದ ಮನೆಯ ಬಚ್ಚಲಿಗೆ ಹೋಯಿತು. ವಿಷವಿಲ್ಲದ ಹಾವೇ, ಆದರೆ ಬಚ್ಚಲಲ್ಲಿ ಕಂಡ ಹಾವಿಗೆ ಯಾರೂ ಹೆಸರು ಕೇಳುವುದಿಲ್ಲ. ಮರುದಿನ ಏಳೆಂಟು ಮನೆಯವರು ಬಂದು ನಿಂತರು. ಸೊಳ್ಳೆಯೂ ಇಲ್ಲಿಂದಲೇ, ಹಾವೂ ಇಲ್ಲಿಂದಲೇ, ಜೆಸಿಬಿ ತರಿಸಿ ಮುಚ್ಚಿಸಿ ಎಂದರು. ಪಂಚಾಯ್ತಿ ಸದಸ್ಯ ಅಂಬರೀಶ್ ಇನ್ನೂ ಹುಡುಗುತನ ಬಿಡದ ತರುಣ. ಅವರಿಗೂ ಹೌದೆನಿಸಿತು.

ಮಂಜುಶ್ರೀ ಮೇಡಂ ಅಂದು ಎರಡು ಬಿಳಿ ಬಕೆಟ್ ತರಿಸಿದರು. ಒಂದಕ್ಕೆ ಬೀದಿ ಚರಂಡಿಯ ನೀರು, ಇನ್ನೊಂದಕ್ಕೆ ತುಂಗೆ ಗುಂಡಿಯ ನೀರು. ಎಲ್ಲರೂ ಬಗ್ಗಿ ನೋಡಿದರು. ಚರಂಡಿ ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಗುಂಡಿ ನೀರಿನಲ್ಲಿ ಗೊದಮೊಟ್ಟೆ, ಸಣ್ಣ ಮೀನು, ಕೊಡತಿ ಕೀಟದ ಮರಿ. ಒಂದಾದರೂ ಸೊಳ್ಳೆಮರಿ ಹುಡುಕಿ ಕೊಡಿ ಎಂದು ಮೇಡಂ ಅಂದರು. ಅಂಬರೀಶ್ ಬಕೆಟ್ಟಿನ ಮುಂದೆ ಬಹಳ ಹೊತ್ತು ಕೂತಿದ್ದು, ಎದ್ದು, “ಸರಿ, ಬಚ್ಚಲ ಕಡೆಗೆ ಒಂದು ಮೆಶ್ ಬಡಿಸ್ಬುಡಾಣ, ಇದು ಇರ್ಲಿ,” ಎಂದರು. ಅಲ್ಲಿಗೆ ಮುಗಿಯಿತು.

ಆ ಗಲಾಟೆಯ ದಿನ ಚಿಕ್ಕಹನುಮಕ್ಕ ಒಂದು ಮಾತೂ ಆಡಿರಲಿಲ್ಲವಂತೆ. ಯಾಕೆ ಎಂದು ಕೇಳಿದೆ.

“ಮಾತಾಡಿದ್ರೆ ಅತ್ತುಬುಡ್ತಿದ್ದೆ. ಅವತ್ತು ಆ ಮೂಲೇಲಿ ನಮ್ಮವ್ವನ ತುಂಗೆ ಇತ್ತು.”

ಅವರು ತೋರಿಸುವ ಮೂಲೆಯಲ್ಲಿ ಎರಡು ಮಂಚ ಹಾಸುವಷ್ಟು ಜಾಗ. ಅಲ್ಲಿನ ತುಂಗೆ ಉಳಿದೆಲ್ಲದಕ್ಕಿಂತ ಎತ್ತರ, ನೆಟ್ಟಗೆ, ತಿಳಿ ಹಸಿರು. ಇದು ಚಾಪೆ ತುಂಗೆ. ಇದರ ಕಥೆ ಅವರು ಹೇಳುವುದು ನಿಧಾನವಾಗಿ, ನಡುನಡುವೆ ಎದ್ದು ಹೋಗಿ ಕ್ಯಾನು ತುಂಬಿಸಿ ಬಂದು.

ಐದು ವರ್ಷದ ಹಿಂದೆ ಕದುರಮ್ಮ ಬಿದ್ದು ಸೊಂಟ ಮುರಿದುಕೊಂಡರು. ಮದಲೂರಿನಲ್ಲಿ ಹಿರಿಯ ಮಗ ದೊಡ್ಡಹನುಮಯ್ಯನ ಮನೆಯಲ್ಲಿದ್ದರು. ಮಗ ಸೊಸೆ ಚೆನ್ನಾಗಿಯೇ ನೋಡಿಕೊಂಡರು. ಹಾಸಿಗೆ ಕೊಡಿಸಿದರು, ಫ್ಯಾನು ಹಾಕಿಸಿದರು. ಆದರೆ ಹಾಸಿಗೆಯಲ್ಲಿ ಬೆನ್ನು ಬೆವೆತು ಹುಣ್ಣಾಗತೊಡಗಿತು. ಪ್ಲಾಸ್ಟಿಕ್ ಚಾಪೆ ಹಾಸಿದರೆ ಮೈಗೆ ಅಂಟುತ್ತಿತ್ತು. ನೋಡಲು ಹೋದ ಮಗಳ ಕೈ ಹಿಡಿದು ಎಂಬತ್ತು ದಾಟಿದ ತಾಯಿ ಒಂದು ಮಾತು ಕೇಳಿದರು.

“ಜಲ್ಮೆಲ್ಲ ಊರೋರಿಗೆ ಚಾಪೆ ಹೆಣೆದೆ, ನನಗೊಂದು ಮಡಿಕ್ಕಳ್ಳಲಿಲ್ಲ ನೋಡು. ಎಲ್ಲಾನ ಒಂದು ತುಂಗೆ ಚಾಪೆ ಸಿಕ್ಕಿದ್ರೆ ತತ್ತಾ ಚಿಕ್ಕಿ. ಅದರ ಮ್ಯಾಲೆ ಮಲಗಿದ್ರೆ ಕೆರೆ ವಾಸ್ನೆ ಬರ್ತದೆ,” ಎಂದರಂತೆ.

ಚಿಕ್ಕಹನುಮಕ್ಕ ಶಿರಾ ಸಂತೆಯಲ್ಲಿ ಹುಡುಕಿದರು, ಪಾವಗಡದಲ್ಲಿ ಹುಡುಕಿದರು. ಸಿಕ್ಕಿದ್ದೆಲ್ಲ ಬಣ್ಣದ ನೈಲಾನು. ಕೊನೆಗೆ ಕೊರಟಗೆರೆಯಲ್ಲಿ ನಾದಿನಿಯ ಮನೆಗೆ ಹೋದಾಗ, ಜಯಮಂಗಲಿ ನದಿ ಪಾತ್ರದ ಒಂದು ಕೊರಕಲಿನಲ್ಲಿ ಎಮ್ಮೆ ಬಾಯಿಗೆ ಎಟುಕದ ಕಡೆ ಒಂದು ಹಿಡಿ ಚಾಪೆ ತುಂಗೆ ನಿಂತಿದ್ದು ಕಂಡಿತು. ಚಾಪೆ ಸಿಗದಿದ್ದರೇನು, ಬೆಳೆದು ಹೆಣೆಯೋಣ ಎಂದು ಆ ಕ್ಷಣದಲ್ಲಿ ನಿಶ್ಚಯವಾಯಿತು. ಸೀರೆ ಎತ್ತಿ ಕಟ್ಟಿ ಇಳಿದು, ಬೇರುಸಮೇತ ಅರ್ಧ ಬಗೆದು, ಅರ್ಧ ಅಲ್ಲೇ ಬಿಟ್ಟು ಬಂದರು.

ಗೋಣಿಚೀಲದಲ್ಲಿ ಹಸಿ ಕೆಸರಿನ ಬೇರು. ಕೊರಟಗೆರೆಯಿಂದ ಮಧುಗಿರಿಗೆ ಒಂದು ಬಸ್ಸು, ಮಧುಗಿರಿಯಿಂದ ಪಾವಗಡಕ್ಕೆ ಇನ್ನೊಂದು. ಎರಡನೇ ಬಸ್ಸಿನ ಕಂಡಕ್ಟರು ಚೀಲದಿಂದ ಸೋರುತ್ತಿದ್ದ ನೀರು ನೋಡಿ ರೇಗಿದರು.

“ಏನಮ್ಮ ಇದು, ಬಸ್ಸೆಲ್ಲ ರಾಡಿ ಮಾಡಿದೀಯಲ್ಲ?”

“ಬೇರು ಕಣಪ್ಪ.”

“ಯಾವ ಬೇರು? ಔಷಧೀದಾ?”

“ಹೂಂ ಅಂದೆ,” ಎನ್ನುತ್ತಾರೆ ಚಿಕ್ಕಹನುಮಕ್ಕ. “ಸುಳ್ಳೇನಲ್ಲವಲ್ಲ.”

ಹದಿನಾರು ಬುಡ ನೆಟ್ಟರು. ಒಂಬತ್ತು ಬದುಕಿದವು. ಮೊದಲ ವರ್ಷ ಗೇಣುದ್ದ, ಎರಡನೇ ವರ್ಷ ಮೊಣಕಾಲುದ್ದ. ಉಪ್ಪು ನೀರಿಗೆ ಒಗ್ಗಲಿ ಎಂದು ಬೇಸಿಗೆಯಲ್ಲಿ ತಮ್ಮ ಮನೆಯ ಪಾಲಿನ ಒಳ್ಳೆ ನೀರಿನಿಂದಲೇ ದಿನಕ್ಕೊಂದು ಕೊಡ ಬೆರೆಸುತ್ತಿದ್ದರು. ಮದಲೂರಿಗೆ ಫೋನು ಮಾಡಿದಾಗಲೆಲ್ಲ ಕದುರಮ್ಮ ಕೇಳುತ್ತಿದ್ದದ್ದು ಒಂದೇ: ಎಲ್ಲೀಗಂಟ ಬಂತು? ಮಗಳು ಮಂಡಿ ಎನ್ನುತ್ತಿದ್ದರು, ಸೊಂಟ ಎನ್ನುತ್ತಿದ್ದರು. ಒಂದು ಮಳೆಗಾಲದಲ್ಲಿ “ಎದೆ ಕಣವ್ವ” ಎಂದರು.

ಅದು ಎರಡು ವರ್ಷದ ಹಿಂದಿನ ಭಾದ್ರಪದ. ಒಂದು ಚಾಪೆಗೆ ಸಾವಿರ ಕಡ್ಡಿ ಬೇಕು. ಆ ಪಾತಿಯಲ್ಲಿ ಎತ್ತರದ ಕಡ್ಡಿಗಳು ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಇದ್ದವು. ಕುಡುಗೋಲು ಮಸೆದಿಟ್ಟು, ಬೆಳಗ್ಗೆ ಯಂತ್ರ ಹಾಕಿ ಬಂದು, ಪಾತಿಗೆ ಇಳಿದು ಮೊದಲ ಹಿಡಿ ಬಗ್ಗಿಸಿದರು. ಒಳಗಿನಿಂದ ಒಂದು ಪುಟ್ಟ ಹಕ್ಕಿ ಕಿರುಚುತ್ತ ಹಾರಿತು. ನಡು ಪಾತಿಯಲ್ಲಿ ಐದಾರು ತುಂಗೆ ಕಡ್ಡಿಗಳನ್ನು ಸೇರಿಸಿ ಹೆಣೆದ, ಅಂಗೈಯಷ್ಟು ದೊಡ್ಡ ಚೀಲದಂಥ ಗೂಡು. ಒಳಗೆ ನಾಲ್ಕು ಮರಿ. ಮಂಜುಶ್ರೀ ಮೇಡಂ ಪಟ್ಟಿಯಲ್ಲಿ ಅದು ಉಲಿಯಕ್ಕಿ. ಚಿಕ್ಕಹನುಮಕ್ಕನ ಬಾಯಲ್ಲಿ ತುಂಗೆ ಗುಬ್ಬಿ.

ಗೂಡಿನ ಐದಾರು ಕಡ್ಡಿ ಬಿಟ್ಟು ಸುತ್ತಲಿನದನ್ನು ಕುಯ್ಯಬಹುದಿತ್ತಲ್ಲ ಎಂದೆ.

“ಕುಯ್ಯಬೋದಿತ್ತು. ಕುಯ್ದರೆ ಬೋಳು ಬಯಲಲ್ಲಿ ಗೂಡೊಂದು ನೇತಾಡ್ತಿರ್ತದೆ. ಕರೆಂಟ್ ಕಂಬದ ಮ್ಯಾಲೆ ಕಾಗೆ ಕೂತೇ ಇತ್ತು. ಅದಕ್ಕೆ ನಾನೇ ದಾರಿ ತೋರ್ಸಿದಂಗೆ.”

ಕುಡುಗೋಲು ಕೆಳಗಿಟ್ಟು ಮದಲೂರಿಗೆ ಫೋನು ಮಾಡಿದರು. ಅಣ್ಣ ಫೋನನ್ನು ತಾಯಿಯ ಕಿವಿಗೆ ಹಿಡಿದರು. ಆ ಮಾತುಕತೆಯನ್ನು ಚಿಕ್ಕಹನುಮಕ್ಕ ನನಗೆ ಎರಡು ದನಿಯಲ್ಲೂ ಹೇಳುತ್ತಾರೆ. ತಾಯಿಯ ದನಿಗೆ ಬಂದಾಗ ತಾವೂ ಸ್ವಲ್ಪ ಕುಗ್ಗಿ ಕೂರುತ್ತಾರೆ.

“ಅವ್ವ, ತುಂಗೆ ಆಯ್ತು. ಆದ್ರೆ ಗೂಡು ಕಟ್ಬುಟ್ಟೈತೆ ಕಣವ್ವ.”

“ಮೊಟ್ಟೆನೋ, ಮರಿನೋ?”

“ಮರಿ. ಕಣ್ಣು ಬುಟ್ಟಿಲ್ಲ.”

“ಅಂಗಾರೆ ಮುಟ್ಬ್ಯಾಡ. ಮರಿ ಹಾರ್ಲಿ ಬುಡು. ನಾನೇನು ಎದ್ದು ಓಡೋಗ್ತೀನಾ?”

ಮರಿ ಹಾರಲು ಹನ್ನೆರಡು ದಿನವಾದರೂ ಬೇಕು ಎಂದು ಮಂಜುಶ್ರೀ ಮೇಡಂ ಹೇಳಿದ್ದರು. ಮೂರನೇ ದಿನ ಅಣ್ಣನ ಫೋನು ಬಂತು, ಅವ್ವ ಊಟ ಬಿಟ್ಟಿದ್ದಾಳೆ ಎಂದು. ಚಿಕ್ಕಹನುಮಕ್ಕ ಪಾತಿಯ ಹೊರಅಂಚಿನಿಂದ ಒಂದು ಹಿಡಿ, ಇಪ್ಪತ್ತು ಇಪ್ಪತ್ತೈದು ಕಡ್ಡಿ ಮಾತ್ರ ಕುಯ್ದು, ಒದ್ದೆ ಟವಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಚಾಪೆಯಂತೂ ಇಲ್ಲ, ವಾಸನೆಯಾದರೂ ನೋಡಲಿ ಎಂದು.

ಕದುರಮ್ಮನಿಗೆ ಆ ಹೊತ್ತಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಮಗಳು ತುಂಗೆಯನ್ನು ಎದೆಯ ಮೇಲಿಟ್ಟರು. ಮುದುಕಿ ಅದನ್ನು ಮೂಗಿಗೆ ಒಯ್ಯಲಿಲ್ಲ. ಒಂದು ಕಡ್ಡಿ ಆಯ್ದುಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಬುಡದಿಂದ ತುದಿಯವರೆಗೆ ಎಳೆದು ನೋಡಿದರು. ಬುಡವನ್ನು ಉಗುರಿನಿಂದ ಒತ್ತಿದರು. ಜೀವಮಾನವಿಡೀ ಮಾಡಿದ ಕೆಲಸವನ್ನು ಬೆರಳುಗಳು ಮರೆತಿರಲಿಲ್ಲ. ಆಮೇಲೆ ಹೇಳಿದರು, “ಇನ್ನೂ ಎಳೇದು ಕಣೇ. ಇನ್ನೊಂದು ವಾರ ಬುಡು.”

ಅಷ್ಟರಲ್ಲಿ ಘಟಕದ ಮುಂದೆ ಯಾರೋ ಕ್ಯಾನು ತಂದು ಕೂಗುತ್ತಾರೆ. ಚಿಕ್ಕಹನುಮಕ್ಕ ಹೋಗಿ ತುಂಬಿಸಿ, ಮುಚ್ಚಳ ತಿರುಗಿಸಿ, ಅವರ ಸೈಕಲ್ಲಿಗೆ ಎತ್ತಿಕೊಟ್ಟು, ಮತ್ತೆ ಬಂದು ಗುಂಡಿಯ ಪಕ್ಕದ ಕಲ್ಲಿನ ಮೇಲೆ ಕೂರುತ್ತಾರೆ.

“ನಿಜವಾಗ್ಲೂ ಎಳೇದಾಗಿತ್ತೋ, ನನ್ನ ಮನಸು ನೋಯಬಾರ್ದು ಅಂತ ಅಂಗಂದ್ಳೋ, ಇವತ್ತಿಗೂ ಗೊತ್ತಿಲ್ಲಮ್ಮ. ನನ್ನ ಕಣ್ಣಿಗೆ ಅದು ಬಲಿತಿತ್ತು. ಆದ್ರೆ ನನ್ನ ಕಣ್ಣು ಅವಳ ಕೈಯಷ್ಟು ತಿಳಿದದ್ದಲ್ಲ.”

ಆ ಮಾತಾಡಿದ ಐದನೇ ದಿನ ಕದುರಮ್ಮ ತೀರಿಕೊಂಡರು. ಮಣ್ಣು ಮಾಡಿ, ಮೂರನೇ ದಿನದ ಕಾರ್ಯ ಮುಗಿಸಿ ಚಿಕ್ಕಹನುಮಕ್ಕ ರಾಯಚರ್ಲಿಗೆ ಮರಳಿದ ಮಾರನೇ ಬೆಳಗ್ಗೆ ಗೂಡು ಖಾಲಿಯಿತ್ತು. ಮರಿಗಳು ಪಾತಿಯ ಅಂಚಿನಲ್ಲಿ ಒಂದರ ಪಕ್ಕ ಒಂದು ಕೂತು ತಾಯಿಯನ್ನು ಕೂಗುತ್ತಿದ್ದವು. ಇನ್ನು ಕುಯ್ಯಲು ಅಡ್ಡಿಯಿರಲಿಲ್ಲ. ಆದರೆ ಅವರು ಕುಯ್ಯಲಿಲ್ಲ. ಕುಡುಗೋಲನ್ನು ಅಟ್ಟದ ಮೇಲೆ ಇಟ್ಟರು.

“ಇನ್ಯಾರಿಗೆ ಅಂತ ಕುಯ್ಯಲಿ? ಒಂದೂವರೆ ತಿಂಗಳು ಆ ಕಡೆಗೆ ಹೋಗ್ಲೇ ಇಲ್ಲ ನಾನು. ನೀರು ತಾನಾಗೇ ಹೋಗ್ತಿತ್ತು, ನಾನು ಹೋಗ್ಲಿಲ್ಲ,” ಎನ್ನುತ್ತಾರೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಭೀಮರಾಜುವೇ ಅಟ್ಟದಿಂದ ಕುಡುಗೋಲು ಇಳಿಸಿ ಕೈಗೆ ಕೊಟ್ಟರಂತೆ. “ಕುಯ್ಯದಿದ್ರೆ ಬುಡ ಕೊಳೀತದೆ ಅಂತ ನೀನೇ ಹೇಳ್ತಿದ್ದೆ,” ಎಂದಷ್ಟೇ ಅಂದರಂತೆ.

ಕುಯ್ದರು. ಸೀಳಿದರು. ಘಟಕದ ತಾರಸಿಯ ಮೇಲೆ ಒಣಗಿಸಿದರು. ಎರಡು ಗಳಗಳ ನಡುವೆ ಕತ್ತಾಳೆ ಹುರಿ ಬಿಗಿದು, ತುಂಗೆಯನ್ನು ಅಡ್ಡಡ್ಡ ಹಾಯಿಸುತ್ತ ಹದಿನೈದು ದಿನ ಹೆಣೆದರು. ನಡುಭಾಗ ಬಂತು. ಅಂಚು ಬರಲಿಲ್ಲ. ಚಾಪೆಯ ಎರಡೂ ಪಕ್ಕ ಕಡ್ಡಿಗಳ ತುದಿಯನ್ನು ಮಡಿಸಿ ಒಳಗೆ ಸಿಕ್ಕಿಸಿ ಬಿಗಿಯುವುದನ್ನು ಕದುರಮ್ಮ ಯಾವಾಗಲೂ ತಾವೇ ಮಾಡುತ್ತಿದ್ದರು. ಮಗಳಿಗೆ ಕಲಿಸುವ ಮುಂಚೆ ಕೆರೆ ಒಣಗಿತ್ತು. ಎಷ್ಟು ಸಲ ಮಡಿಸಿದರೂ ಬಿಚ್ಚಿಕೊಳ್ಳುತ್ತಿತ್ತು. ಕೇಳಲು ತಾಯಿಯಿಲ್ಲ. ಮದಲೂರಿನಲ್ಲಿ ಚಾಪೆ ಹೆಣೆಯುವ ಬೇರೆ ಕೈಯೂ ಉಳಿದಿರಲಿಲ್ಲ.

ಆಗ ಅಣ್ಣನಿಗೆ ನೆನಪಾದದ್ದು ಮದಲೂರಿನ ಅಂಗಡಿ ಮನೆಯ ಕರಿಬಸಮ್ಮ. ಎಪ್ಪತ್ತೈದು ದಾಟಿದ ಅವರ ಮನೆಯ ಅಟ್ಟದಲ್ಲಿ ಕದುರಮ್ಮ ಹೆಣೆದ ಒಂದು ಚಾಪೆ ಇನ್ನೂ ಇದೆ ಎಂದು ಯಾರೋ ಹೇಳಿದ್ದರು. ಚಿಕ್ಕಹನುಮಕ್ಕ ಅಲ್ಲಿಗೆ ಹೋಗಿ, ಚಿಕ್ಕಂದಿನಲ್ಲಿ ಅವ್ವನ ಜೊತೆ ನಿಲ್ಲುತ್ತಿದ್ದಂತೆಯೇ ಜಗಲಿಯ ಕೆಳಗೆ ನಿಂತು ಕೂಗಿದರು.

“ಅವ್ವ ಹೆಣೆದ ಚಾಪೆ ಆ ಮನೆ ಒಳಕ್ಕೆ, ನಡುಮನೇಗೆ, ದೇವರ ಕೋಣೆ ತಾವಿಗೆ ಹೋಗೋದು. ಅವ್ವ ಮಾತ್ರ ಜಗಲಿಯಿಂದ ಕೆಳಗೇ ನಿಂತಿರೋಳು. ನನಗೂ ಕಾಲು ಅಲ್ಲೇ ನಿಂತ್ಕತು,” ಎಂದು ಚಿಕ್ಕಹನುಮಕ್ಕ ಯಾವ ದೂರೂ ಇಲ್ಲದ ದನಿಯಲ್ಲಿ ಹೇಳುತ್ತಾರೆ.

ಕರಿಬಸಮ್ಮ ವಿಷಯ ಕೇಳಿ, ಮೊಮ್ಮಗಳಿಂದ ಚಾಪೆ ಇಳಿಸಿದರು. ಹೊರಗೆ ತಂದುಕೊಡಲಿಲ್ಲ. “ಬಾ ಒಳಕ್ಕೆ. ಅಲ್ಲಿ ನಿಂತ್ಕಂಡು ಅಂಚು ಹೆಂಗೆ ಎಣಿಸ್ತೀಯ?” ಎಂದರು.

ನಡುಮನೆಯಲ್ಲಿ ಇಬ್ಬರೂ ಚಾಪೆಯ ಎರಡು ಬದಿಗೆ ಕೂತರು. ನಲವತ್ತು ವರ್ಷದ ಹಳೆಯ ಚಾಪೆ, ಜೇನಿನ ಬಣ್ಣಕ್ಕೆ ತಿರುಗಿತ್ತು. ಅಂಚು ಇನ್ನೂ ಬಿಗಿ. ಕಣ್ಣಿನಿಂದ ನೋಡಿದರೆ ಎಳೆ ಎಲ್ಲಿ ಒಳಗೆ ಹೋಗಿ ಎಲ್ಲಿ ಹೊರಗೆ ಬರುತ್ತದೆಂದು ತಿಳಿಯುತ್ತಿರಲಿಲ್ಲ. ಅರ್ಧ ಗಂಟೆ ನೋಡಿ ಕರಿಬಸಮ್ಮನೇ ಕತ್ತರಿ ತಂದಿಟ್ಟರು. “ಬಿಚ್ಚು. ಬಿಚ್ಚದೆ ಹೆಂಗೆ ಗೊತ್ತಾಗ್ತದೆ?”

ಒಂದು ಮೂಲೆಯಲ್ಲಿ ಗೇಣುದ್ದ ಬಿಚ್ಚಿದರು. ಮೂರು ಎಳೆ ಬಿಟ್ಟು ನಾಲ್ಕನೆಯದರ ಅಡಿಗೆ ತೂರಿಸಿ, ಹಿಂದಕ್ಕೆ ಎರಡರ ಮೇಲೆ ಎಳೆದು ಬಿಗಿಯುವುದು. ಅಷ್ಟೇ ಗುಟ್ಟು. ಚಿಕ್ಕಹನುಮಕ್ಕ ಬಿಚ್ಚುತ್ತ, ಮತ್ತೆ ಕಟ್ಟುತ್ತ, ಎಣಿಸುತ್ತ ಕೂತಿದ್ದಾಗ ಕರಿಬಸಮ್ಮ ಎದುರಿನಿಂದ ಒಂದು ಮಾತು ಹೇಳಿದರು.

“ನಿಮ್ಮವ್ವನ್ನ ನಾನು ಒಂದಿನಾನೂ ಒಳಗೆ ಕರೀಲಿಲ್ಲ ಕಣೇ.”

ನೀವೇನು ಹೇಳಿದಿರಿ ಎಂದು ನಾನು ಕೇಳಿದೆ.

“ನಾನು ಎಣಿಸ್ತಾ ಇದ್ದೆ,” ಎಂದರು ಚಿಕ್ಕಹನುಮಕ್ಕ. ಆಮೇಲೆ, “ಎಣಿಕೆ ತಪ್ಪೋಯ್ತು. ಮೊದಲಿಂದ ಎಣಿಸ್ದೆ,” ಎಂದು ಸೇರಿಸಿದರು.

ಆ ಚಾಪೆ ಈಗ ಅವರ ಮನೆಯಲ್ಲಿದೆ. ಒಂದು ಪಕ್ಕ ಸ್ವಲ್ಪ ಸೊಟ್ಟ, ನಡುವೆ ಒಂದೆಡೆ ಹೆಣಿಗೆ ಸಡಿಲ. ಗೋಡೆಯ ಬುದ್ಧನ ಪಟದ ಕೆಳಗೆ ಸುರುಳಿ ಸುತ್ತಿ ನಿಲ್ಲಿಸಿದ್ದಾರೆ. ನೆನಪಿಗೆಂದು ಎತ್ತಿಟ್ಟಿರಬೇಕು ಎಂದುಕೊಂಡು, ಬಳಸುವುದಿಲ್ಲವೇ ಎಂದೆ. “ಯಾಕೆ ಬಳಸಲ್ಲ? ಚಾಪೆ ಇರೋದೇ ಮಲಗಾಕೆ. ದಿನಾ ಮಧ್ಯಾಹ್ನ ಮಲಗ್ತೀನಿ.” ಕೆರೆ ವಾಸನೆ ಬರುತ್ತದೆಯೇ? ಅವರು ನಗುತ್ತಾರೆ. “ಮಿಷನ್ ನೀರಲ್ಲಿ ಬೆಳೆದದ್ದು ಕಣಮ್ಮ. ತುಂಗೆ ವಾಸ್ನೆ ಬರ್ತದೆ. ಕೆರೆ ವಾಸ್ನೆ ಹೆಂಗೆ ಬಂದಾತು?”

ಆ ಕೊರತೆ ಅವರನ್ನು ಬಿಟ್ಟಿಲ್ಲ. ಮದಲೂರು ಕೆರೆಗೆ ಈಚಿನ ವರ್ಷಗಳಲ್ಲಿ ಮತ್ತೆ ನೀರು ಕಾಣಿಸಿಕೊಂಡಿದೆ. ನೀರು ಬಂದರೂ ತುಂಗೆ ಮರಳಲಿಲ್ಲ, ಬೇರೇ ಉಳಿದಿರಲಿಲ್ಲ. ಕಳೆದ ವರ್ಷ ಚಿಕ್ಕಹನುಮಕ್ಕ ಒಂದು ಚೀಲ ಚಾಪೆ ತುಂಗೆಯ ಬೇರು ಹೊತ್ತು ಹೋದರು. ಅವ್ವ ಕುಯ್ಯುತ್ತಿದ್ದ ಅದೇ ಮೂಲೆಯಲ್ಲಿ, ನೀರು ಪಾದ ಮುಳುಗುವಷ್ಟಿರುವ ಕಡೆ ಅಣ್ಣ ತಂಗಿ ಕೂಡಿ ನೆಟ್ಟರು. ಹದಿನೈದೇ ದಿನಕ್ಕೆ ಕುರಿ ಮೇಕೆ ಬಂದು ಬುಡದವರೆಗೆ ಮೇಯ್ದವು. ಈ ವರ್ಷ ಮಳೆ ಹಿಡಿದ ಮೇಲೆ ಮತ್ತೆ ನಲವತ್ತು ಬುಡ ಒಯ್ದರು. ಈ ಸಲ ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿದ್ದಾರೆ. ಪ್ರತಿ ಭಾನುವಾರ ಅಣ್ಣನಿಗೆ ಫೋನು ಹೋಗುತ್ತದೆ. ಕಳೆದ ವಾರದ ಸುದ್ದಿ: ಹನ್ನೊಂದು ಉಳಿದಿವೆ, ಗೇಣುದ್ದ ಬಂದಿವೆ.

ಒಂಬತ್ತು ಗಂಟೆಗೆ ಯಂತ್ರ ನಿಲ್ಲುತ್ತದೆ. ಪೈಪಿನ ನೀರು ಸಣ್ಣಗಾಗಿ, ತೊಟ್ಟಾಗಿ, ನಿಲ್ಲುತ್ತದೆ. ಚಿಕ್ಕಹನುಮಕ್ಕ ಷಟರ್ ಎಳೆದು ಬೀಗ ಹಾಕುತ್ತಾರೆ. ಪಂಚಾಯ್ತಿಯವರು ತೋಟಕ್ಕೆ ನಿಮ್ಮ ಹೆಸರಿನ ಒಂದು ಬೋರ್ಡು ಹಾಕಿಸೋಣ ಎನ್ನುತ್ತಿದ್ದಾರಂತೆ, ಹೌದೇ ಎಂದು ಹೊರಡುವ ಮುನ್ನ ಕೇಳಿದೆ. ಹೌದಂತೆ, ಇಲ್ಲಿಗೆ ಬೇಕಾದ್ರೆ ಹಾಕ್ಕಳ್ಳಲಿ ಎನ್ನುತ್ತಾರೆ. ಮದಲೂರಿನದು ಬೇರೆ.

“ಅಲ್ಲಿ ನಾನು ನೆಟ್ಟದ್ದು ಅಂತ ಯಾರಿಗೂ ಹೇಳ್ಬ್ಯಾಡ ಅಂತ ಅಣ್ಣನಿಗೆ ಅಂದಿದೀನಿ. ಆ ಹನ್ನೊಂದು ಬುಡ ಹಬ್ಬಿ ಎದೆಮಟ್ಟ ನಿಂತ್ಕಂಡ್ರೆ, ನೋಡಿದೋರು ಕೆರೆ ತುಂಗೆ ಅನ್ಲಿ. ಇದು ಮುಂಚಿನಿಂದ್ಲೂ ಇಲ್ಲೇ ಇತ್ತಲ್ಲ ಅನ್ಲಿ. ನನಗೆ ಅಷ್ಟಾದ್ರೆ ಸಾಕು ಕಣಮ್ಮ.”